ಉದ್ಯೋಗ ಕಚೇರಿ ಮುಚ್ಚಿದಾಗ ಉಳಿತಾಯವಾಗುವುದು ಯಾರಿಗೆ? ಬ್ರಿಟನ್ನಿನ ಪಿಸಿಎಸ್ ಸಂಘದ ವಿರೋಧವನ್ನು ಕುರಿತ ಚರ್ಚೆ

ಹೊಂಬೆಳಕು (ವಿಷಯ ಆರಂಭಿಸಿದವರು)

ಬ್ರಿಟನ್ನಿನ ಕೆಲಸ ಮತ್ತು ಪಿಂಚಣಿ ಇಲಾಖೆಯು 2017ರ ಜನವರಿಯಲ್ಲಿ ತನ್ನ ಜಾಬ್‌ಸೆಂಟರ್‌ಗಳ ಪೈಕಿ, ಅಂದರೆ ಸರ್ಕಾರಿ ಉದ್ಯೋಗ ಸೇವಾ ಕಚೇರಿಗಳ ಪೈಕಿ, ಹತ್ತಕ್ಕೊಂದಕ್ಕಿಂತ ಹೆಚ್ಚನ್ನು ಮುಚ್ಚುವ ಯೋಜನೆಯನ್ನು ಪ್ರಕಟಿಸಿತು. 78 ಸಣ್ಣ ಕಚೇರಿಗಳನ್ನು ದೊಡ್ಡ ಕಚೇರಿಗಳೊಳಗೆ ವಿಲೀನ ಮಾಡುವುದು, ಸುಮಾರು 50 ಕಚೇರಿಗಳನ್ನು ಸ್ಥಳೀಯ ಆಡಳಿತದ ಕಟ್ಟಡಗಳಿಗೆ ಸಾಗಿಸುವುದು ಯೋಜನೆಯ ಮುಖ್ಯ ಭಾಗವಾಗಿತ್ತು. ಇದಕ್ಕೆ ಇಲಾಖೆಯ ನೌಕರರನ್ನು ಪ್ರತಿನಿಧಿಸುವ ಪಿಸಿಎಸ್ ಸಂಘ ಆರಂಭದಿಂದಲೇ ವಿರೋಧ ವ್ಯಕ್ತಪಡಿಸಿತು. ಆಗ ಮಾರ್ಕ್ ಸರ್ವೊಟ್ಕಾ ಅವರು ಅದರ ಪ್ರಧಾನ ಕಾರ್ಯದರ್ಶಿಯಾಗಿದ್ದರು.

ಈ ಪ್ರಸಂಗದ ಬಗ್ಗೆ ಎರಡು ರೀತಿಯ ಮಾತುಗಳನ್ನು ಮೊದಲಿನಿಂದಲೂ ಕೇಳುತ್ತಿದ್ದೇನೆ. ಸಂಘ ತನ್ನ ಸದಸ್ಯರ ಕುರ್ಚಿ ಉಳಿಸಿಕೊಳ್ಳಲು ನಿರುದ್ಯೋಗಿಗಳನ್ನು ಮುಂದಿಟ್ಟುಕೊಂಡಿತು ಎನ್ನುವವರು ಒಂದು ಕಡೆ. ನಿರುದ್ಯೋಗಿಗಳ ಪರವಾಗಿ ದನಿಯೆತ್ತಿದ ಸಂಘಟಿತ ಶಕ್ತಿ ಅದೊಂದೇ ಎನ್ನುವವರು ಇನ್ನೊಂದು ಕಡೆ. ಎರಡೂ ವಾದಗಳು ನನಗೆ ಅರ್ಧಸತ್ಯಗಳಾಗಿಯೇ ಕಾಣುತ್ತವೆ. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಕಚೇರಿಯನ್ನು ಮುಚ್ಚಿದಾಗ ಅದರ ಖರ್ಚು ನಿಜಕ್ಕೂ ಇಲ್ಲವಾಯಿತೇ, ಅಥವಾ ಸರ್ಕಾರದ ಲೆಕ್ಕಪುಸ್ತಕದಿಂದ ಕೆಲಸವಿಲ್ಲದವನ ಜೇಬಿಗೆ ವರ್ಗಾವಣೆಯಾಯಿತೇ? ಎರಡನೆಯದೇ ನಡೆದಿದೆ ಎಂಬುದು ನನ್ನ ನಿಲುವು. ವಿಷಯ ತಿಳಿದವರು ದಯವಿಟ್ಟು ಪ್ರತಿಕ್ರಿಯಿಸಬೇಕು.

ಲೆಕ್ಕಿಗ

ಸರ್ಕಾರದ ವಾದವನ್ನೂ ಒಮ್ಮೆ ನ್ಯಾಯವಾಗಿ ಮುಂದಿಡೋಣ, ಏಕೆಂದರೆ ಇಂಥ ಚರ್ಚೆಗಳಲ್ಲಿ ಅದನ್ನು ಯಾರೂ ಪೂರ್ತಿ ಹೇಳುವುದಿಲ್ಲ. 1998ರಲ್ಲಿ ಅಂದಿನ ಸಾಮಾಜಿಕ ಭದ್ರತಾ ಇಲಾಖೆಯು ತನ್ನ ಕಟ್ಟಡಗಳನ್ನು ಇಪ್ಪತ್ತು ವರ್ಷಗಳ ಕರಾರಿನಡಿ ಟ್ರಿಲಿಯಮ್ ಎಂಬ ಖಾಸಗಿ ಸಂಸ್ಥೆಗೆ ವಹಿಸಿ, ಅದೇ ಕಟ್ಟಡಗಳನ್ನು ಬಾಡಿಗೆಗೆ ಬಳಸತೊಡಗಿತು. 2003ರಲ್ಲಿ ಉದ್ಯೋಗ ಸೇವೆಯ ಕಟ್ಟಡಗಳೂ ಆ ಕರಾರಿನೊಳಗೆ ಸೇರಿದವು. 2018ರ ಮಾರ್ಚ್ 31ಕ್ಕೆ ಕರಾರು ಮುಗಿಯುವುದಿತ್ತು. ಇಪ್ಪತ್ತು ವರ್ಷಗಳ ನಂತರ ಒಂದು ಇಲಾಖೆ ತನಗೆ ಎಷ್ಟು ಕಟ್ಟಡ ಬೇಕು ಎಂದು ಲೆಕ್ಕ ಹಾಕುವುದು ತಪ್ಪೇ? ಹಾಕದಿದ್ದರೆ ಅದೇ ಬೇಜವಾಬ್ದಾರಿಯಾಗುತ್ತಿತ್ತು.

ಎರಡನೆಯದಾಗಿ, 2017ರ ಹೊತ್ತಿಗೆ ಅಲ್ಲಿನ ನಿರುದ್ಯೋಗ ಪ್ರಮಾಣ ಶೇ. 4.3ರ ಆಸುಪಾಸಿಗೆ ಇಳಿದಿತ್ತು. 1975ರ ನಂತರದ ಅತಿ ಕಡಿಮೆ ಮಟ್ಟವದು. ನಿರುದ್ಯೋಗ ಭತ್ಯೆಯ ಅರ್ಜಿಗಳು ಅಂತರ್ಜಾಲಕ್ಕೆ ಹೋಗಿದ್ದವು. ಕಚೇರಿಗಳಲ್ಲಿ ಜಾಗ ಖಾಲಿ ಬಿದ್ದಿತ್ತು. ಖಾಲಿ ಕೋಣೆಗೆ ಬಾಡಿಗೆ ಕಟ್ಟುವುದು ಯಾವ ಸೀಮೆಯ ಸಮಾಜವಾದ ಎಂದು ಯಾರಾದರೂ ಕೇಳಿದರೆ ಸಂಘದ ಬಳಿ ನೇರ ಉತ್ತರವಿರಲಿಲ್ಲ ಎಂದೇ ನನ್ನ ಭಾವನೆ. ಅದೇ ಹಣವನ್ನು ಸಲಹೆಗಾರರ ನೇಮಕಕ್ಕೆ ಬಳಸಬಹುದಲ್ಲವೇ?

ಅಲೆಮಾರಿ

ನಾನು ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದೆ. ಕೆಲಸ ಕಳೆದುಕೊಂಡ ಒಂದು ಅವಧಿಯಲ್ಲಿ ಭತ್ಯೆಗಾಗಿ ಇಂಥದೊಂದು ಕಚೇರಿಗೆ ಹೋಗಿ ಬರುತ್ತಿದ್ದೆ. ಯಾವ ಊರಿನದೆಂದು ಹೇಳುವುದಿಲ್ಲ.

ಆಗ ಅಲ್ಲಿದ್ದ ಕ್ರಮ ಹೀಗೆ: ಎರಡು ವಾರಕ್ಕೊಮ್ಮೆ ನಿಗದಿತ ದಿನ, ನಿಗದಿತ ಸಮಯಕ್ಕೆ ಹೋಗಿ ಸಹಿ ಹಾಕಬೇಕು. ಬಾಗಿಲಲ್ಲಿ ಕಾವಲುಗಾರ ಹೆಸರು ಕೇಳಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಮೇಜಿನ ಆಚೆ ಕುಳಿತವರು ನೀವು ಈ ಎರಡು ವಾರದಲ್ಲಿ ಎಲ್ಲೆಲ್ಲಿ ಅರ್ಜಿ ಹಾಕಿದಿರಿ ಎಂಬ ವಿವರವನ್ನು ಪರದೆಯ ಮೇಲೆ ಒಂದೊಂದಾಗಿ ನೋಡುತ್ತಾರೆ. ಸಮಯ 9.40 ಎಂದಿದ್ದರೆ 9.40ಕ್ಕೇ ಇರಬೇಕು. ಬಸ್ಸು ತಡವಾಯಿತು ಎಂಬುದನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಏನಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. 2012ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಉದ್ಯೋಗಾಕಾಂಕ್ಷಿ ಭತ್ಯೆ ಪಡೆಯುವವರು ಸಕಾರಣವಿಲ್ಲದೆ ಸಲಹೆಗಾರರ ಸಂದರ್ಶನ ತಪ್ಪಿಸಿದರೆ ಮೊದಲ ಸಲ ನಾಲ್ಕು ವಾರ, ಮತ್ತೊಮ್ಮೆ ತಪ್ಪಿಸಿದರೆ ಹದಿಮೂರು ವಾರ ಭತ್ಯೆ ನಿಲ್ಲುತ್ತಿತ್ತು. 2017ರಲ್ಲಿ ಇಪ್ಪತ್ತೈದು ವರ್ಷ ದಾಟಿದವರಿಗೆ ಈ ಭತ್ಯೆ ವಾರಕ್ಕೆ 73.10 ಪೌಂಡ್. ನಾಲ್ಕು ವಾರವೆಂದರೆ 292.40 ಪೌಂಡ್. ಒಂದು ಬಸ್ಸು ತಪ್ಪಿದ್ದಕ್ಕೆ ತೆರುವ ಬೆಲೆ ಅಷ್ಟಾಗಬಹುದು.

ಆದ್ದರಿಂದ ಕಚೇರಿ ನಡೆದು ಹೋಗುವಷ್ಟು ದೂರದಲ್ಲಿರುವುದಕ್ಕೂ ಬಸ್ಸು ಬದಲಿಸಿ ಹೋಗುವಷ್ಟು ದೂರದಲ್ಲಿರುವುದಕ್ಕೂ ಇರುವ ವ್ಯತ್ಯಾಸವನ್ನು ಅನುಕೂಲ, ಅನಾನುಕೂಲದ ಮಾತಾಗಿ ನೋಡಬಾರದು. ನಡೆದು ಹೋಗುವವನು ತನ್ನ ಸಮಯವನ್ನು ತಾನೇ ನಿಭಾಯಿಸುತ್ತಾನೆ. ಎರಡು ಬಸ್ಸು ಹತ್ತುವವನು ಆ ಸಮಯವನ್ನು ಸಾರಿಗೆ ಸಂಸ್ಥೆಯ ಕೈಗೆ ಒಪ್ಪಿಸಿ, ತಪ್ಪಿದರೆ ಶಿಕ್ಷೆಯನ್ನು ಮಾತ್ರ ತಾನು ಅನುಭವಿಸುತ್ತಾನೆ. ಲೆಕ್ಕಿಗರು ಹೇಳಿದ ಖಾಲಿ ಕೋಣೆಯ ಬಾಡಿಗೆ ಇಲಾಖೆಯ ವರದಿಯಲ್ಲಿ ಕಾಣುತ್ತದೆ. ಈ ಬಸ್ಸಿನ ಚೀಟಿ ಯಾವ ವರದಿಯಲ್ಲೂ ಕಾಣುವುದಿಲ್ಲ.

ಹೊಂಬೆಳಕು

ಅಲೆಮಾರಿಯವರ ಮಾತಿಗೆ ಒಂದು ವಿವರವನ್ನು ಸೇರಿಸಬೇಕು. ಹೊಸ ಕಚೇರಿ ಮೂರು ಮೈಲಿಯೊಳಗೆ ಇದ್ದರೆ ಅಥವಾ ಸಾರ್ವಜನಿಕ ಸಾರಿಗೆಯಲ್ಲಿ ಇಪ್ಪತ್ತು ನಿಮಿಷದೊಳಗೆ ತಲುಪುವಂತಿದ್ದರೆ ಆ ಬದಲಾವಣೆ ಸಮಂಜಸವಾದದ್ದು ಎಂಬ ಮಾನದಂಡವನ್ನು ಇಲಾಖೆ ಇಟ್ಟುಕೊಂಡಿತ್ತು. ಬಹಳ ಜನ ಇದನ್ನು, ಇದಕ್ಕಿಂತ ದೂರವಾದರೆ ಕಚೇರಿ ಮುಚ್ಚುವುದಿಲ್ಲ ಎಂಬ ಭರವಸೆಯಾಗಿ ಓದಿಕೊಂಡರು. ಹಾಗಿರಲಿಲ್ಲ. ಈ ಮಿತಿ ಮೀರಿದ ಕಡೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತೇವೆ ಎಂಬುದಷ್ಟೇ ಅದರ ಅರ್ಥ. ಮಿತಿಯೊಳಗೆ ಬಂದ ಕಚೇರಿಗಳ ವಿಷಯದಲ್ಲಿ ಕೇಳುವ ಬಾಧ್ಯತೆಯೂ ತಮಗಿಲ್ಲ ಎಂದು ಇಲಾಖೆ ಭಾವಿಸಿತು.

ಗ್ಲಾಸ್ಗೋ ನಗರದಲ್ಲಿ ಇದರ ಪರಿಣಾಮ ಎದ್ದು ಕಂಡಿತು. ಅಲ್ಲಿನ ಹದಿನಾರು ಕಚೇರಿಗಳ ಪೈಕಿ ಎಂಟನ್ನು, ಅಂದರೆ ಸರಿಯಾಗಿ ಅರ್ಧವನ್ನು, ಮುಚ್ಚುವ ಪ್ರಸ್ತಾವ 2016ರ ಡಿಸೆಂಬರಿನಲ್ಲೇ ಹೊರಬಿತ್ತು. ನಗರದ ಪೂರ್ವಭಾಗದ ಬ್ರಿಡ್ಜ್‌ಟನ್, ಈಸ್ಟರ್‌ಹೌಸ್ ಮತ್ತು ಪಾರ್ಕ್‌ಹೆಡ್ ಕಚೇರಿಗಳ ಕೆಲಸವನ್ನೆಲ್ಲ ಶೆಟಲ್‌ಸ್ಟನ್ ಕಚೇರಿಗೆ ತುಂಬುವುದು ಅದರಲ್ಲೊಂದು. ಬಡತನಕ್ಕೆ ಹೆಸರಾದ ಬಡಾವಣೆಗಳಿವು. ಸ್ವಂತ ಕಾರಿಲ್ಲದ ಮನೆಗಳೇ ಅಲ್ಲಿ ಹೆಚ್ಚು. ಇನ್ನು ಆ ಇಪ್ಪತ್ತು ನಿಮಿಷವಾದರೂ ಎಲ್ಲಿಂದ ಎಲ್ಲಿಗೆ? ಹಳೆಯ ಕಚೇರಿಯಿಂದ ಹೊಸ ಕಚೇರಿಗೆ. ಯಾವ ನಿರುದ್ಯೋಗಿಯೂ ಹಳೆಯ ಕಚೇರಿಯೊಳಗೆ ವಾಸ ಮಾಡುವುದಿಲ್ಲವಷ್ಟೇ! ಹಳೆಯ ಕಚೇರಿಯ ಆಚೆ ಬದಿಯಲ್ಲಿ ಮನೆಯಿರುವವರಿಗೆ ಮನೆಯಿಂದ ಅಲ್ಲಿಯವರೆಗಿನ ದಾರಿಯೂ ಕೂಡಿಕೊಳ್ಳುತ್ತದೆ, ಬಸ್ ನಿಲ್ದಾಣದಲ್ಲಿ ಕಾಯುವ ಹೊತ್ತೂ ಕೂಡಿಕೊಳ್ಳುತ್ತದೆ.

ನಿಷ್ಠುರ

ನಿರುದ್ಯೋಗಿಗಳ ಕಷ್ಟದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಸಂಘದ ನೈತಿಕ ಸ್ಥಾನದ ಬಗ್ಗೆ. ಅಲೆಮಾರಿಯವರು ವಿವರಿಸಿದ ಆ ನಾಲ್ಕು ವಾರಗಳ ಕಡಿತಕ್ಕೆ ಶಿಫಾರಸು ಕಳಿಸುವ ಕೈ ಯಾರದು? ಮೇಜಿನ ಆಚೆ ಕುಳಿತವರದು. ಅವರಲ್ಲಿ ಅನೇಕರು ಇದೇ ಪಿಸಿಎಸ್ ಸಂಘದ ಸದಸ್ಯರು. ವರ್ಷವಿಡೀ ದಂಡನೆಯ ಕಾಗದಕ್ಕೆ ಸಹಿ ಹಾಕಿ, ತಮ್ಮ ಕಚೇರಿ ಮುಚ್ಚುವ ಸುದ್ದಿ ಬಂದ ದಿನ ಅದೇ ಜನರ ಬೆಂಬಲ ಕೋರಿ ಬಾಗಿಲಲ್ಲಿ ಕರಪತ್ರ ಹಂಚುವುದು ವಿಚಿತ್ರವಲ್ಲವೇ? ಕರಪತ್ರ ತೆಗೆದುಕೊಳ್ಳುವ ನಿರುದ್ಯೋಗಿ ಮನಸ್ಸಿನಲ್ಲಿ ಏನೆಂದುಕೊಂಡಾನು?

ಸಂಘ ದಂಡನೆಯ ಪದ್ಧತಿಯನ್ನು ತಾತ್ವಿಕವಾಗಿ ವಿರೋಧಿಸುತ್ತದೆ ಎಂದು ಯಾರಾದರೂ ಹೇಳುತ್ತಾರೆ, ಅದು ನನಗೂ ಗೊತ್ತಿದೆ. ಆದರೆ ಸಮ್ಮೇಳನದಲ್ಲಿ ನಿರ್ಣಯ ಅಂಗೀಕರಿಸುವುದು ಬೇರೆ, ಕಚೇರಿಯಲ್ಲಿ ಕೈ ತಡೆಯುವುದು ಬೇರೆ.

ಕರಿಕೋಟು

ನಿಷ್ಠುರ ಅವರ ಪ್ರಶ್ನೆ ಸರಿಯಾದದ್ದೇ, ಆದರೆ ಅದಕ್ಕೆ ಉತ್ತರ ಹುಡುಕುವ ಮುನ್ನ ಬ್ರಿಟನ್ನಿನ ಕಾನೂನು ಸಂಘಗಳನ್ನು ಎಲ್ಲಿ ನಿಲ್ಲಿಸಿದೆ ಎಂಬುದನ್ನು ನೋಡಬೇಕು.

ಅಲ್ಲಿ ಮುಷ್ಕರಕ್ಕೆ ಕಾನೂನಿನ ರಕ್ಷಣೆ ಸಿಗಬೇಕಾದರೆ ಅದು 1992ರ ಕಾರ್ಮಿಕ ಸಂಘಗಳ ಕಾಯ್ದೆಯ ಅರ್ಥದಲ್ಲಿ ಔದ್ಯೋಗಿಕ ವಿವಾದವಾಗಿರಬೇಕು. ನೌಕರರಿಗೂ ಅವರ ಮಾಲೀಕನಿಗೂ ನಡುವೆ ಸೇವಾ ಷರತ್ತು, ನೇಮಕ, ವಜಾ, ಕೆಲಸದ ಹಂಚಿಕೆ ಮುಂತಾದ ವಿಷಯಗಳಿಗೆ ಮುಖ್ಯವಾಗಿ ಸಂಬಂಧಿಸಿದ ವಿವಾದಕ್ಕಷ್ಟೇ ಆ ರಕ್ಷಣೆ. ಸರ್ಕಾರದ ಸಮಾಜ ಕಲ್ಯಾಣ ನೀತಿ ಕೆಟ್ಟದ್ದು ಎಂಬ ಕಾರಣಕ್ಕೆ ಮುಷ್ಕರ ಹೂಡಿದರೆ ಅದು ರಾಜಕೀಯ ಮುಷ್ಕರವಾಗುತ್ತದೆ, ರಕ್ಷಣೆ ತಪ್ಪುತ್ತದೆ. ಹಾಗಾಗಿ ಮುಷ್ಕರಕ್ಕೆ ಮುನ್ನ ಸಂಘ ತನ್ನ ಸದಸ್ಯರಿಗೆ ಕಳಿಸುವ ಮತಪತ್ರದಲ್ಲಿ ವರ್ಗಾವಣೆ, ಹೆಚ್ಚುವರಿ ಪ್ರಯಾಣ, ಹುದ್ದೆ ಕಡಿತದ ಮಾತುಗಳು ಮಾತ್ರ ಇರಬೇಕಾಗುತ್ತದೆ. ನಿರುದ್ಯೋಗಿಗಳ ಮಾತು ಕರಪತ್ರಕ್ಕೆ ಸೀಮಿತವಾಗುತ್ತದೆ. ಸಂಘ ತನ್ನ ಸದಸ್ಯರ ಹಿತವನ್ನಷ್ಟೇ ನೋಡಿತು ಎಂದು ದೂರುವವರು, ಅದನ್ನಷ್ಟೇ ನೋಡಬೇಕೆಂದು ಕಾನೂನೇ ಕಟ್ಟುಮಾಡಿರುವುದನ್ನು ಗಮನಿಸುವುದಿಲ್ಲ. ದಂಡನೆಯ ಆದೇಶವನ್ನು ನೌಕರರು ಒಟ್ಟಾಗಿ ಪಾಲಿಸದೆ ಕೈ ತಡೆಯುವುದೂ ಇದೇ ಗೋಡೆಗೆ ಹೋಗಿ ಬಡಿಯುತ್ತದೆ.

ಇದರ ಮೇಲೆ 2016ರ ಕಾರ್ಮಿಕ ಸಂಘಗಳ ಕಾಯ್ದೆಯು ಅಂಚೆ ಮತದಾನದಲ್ಲಿ ಕನಿಷ್ಠ ಶೇ. 50ರಷ್ಟು ಸದಸ್ಯರು ಭಾಗವಹಿಸಿರಲೇಬೇಕೆಂದು ವಿಧಿಸಿತು. ದೇಶದಾದ್ಯಂತ ಚದುರಿಹೋಗಿರುವ ಸದಸ್ಯರಲ್ಲಿ ಅಷ್ಟು ಮತ ಒಟ್ಟುಮಾಡುವುದು ಎಷ್ಟು ಕಷ್ಟವೆಂಬುದು ಸಂಘಟನೆ ಮಾಡಿದವರಿಗೆ ಗೊತ್ತು. ಒಂದೇ ಕಚೇರಿಯ ನೌಕರರಿಗಾದರೆ ಸಾಧ್ಯ. ಶೆಫೀಲ್ಡ್ ನಗರದ ಈಸ್ಟರ್ನ್ ಅವೆನ್ಯೂ ಕಚೇರಿಯ ನೌಕರರು 2017ರ ಬೇಸಿಗೆಯಲ್ಲಿ ಮುಚ್ಚುವಿಕೆಯ ವಿರುದ್ಧ ಮುಷ್ಕರ ಹೂಡಿದರು. ಹೋರಾಟ ಹೀಗೆ ಒಂದೊಂದು ಕಟ್ಟಡಕ್ಕೆ ಸೀಮಿತವಾದದ್ದಕ್ಕೆ ನಾಯಕತ್ವದ ಅಂಜಿಕೆಗಿಂತ ಈ ಕಾನೂನಿನ ಇಕ್ಕಟ್ಟೇ ಹೆಚ್ಚು ಕಾರಣವೆಂದು ನನಗನ್ನಿಸುತ್ತದೆ.

ಮುಷ್ಕರವಲ್ಲದ ಇನ್ನೊಂದು ದಾರಿಯೂ ಇತ್ತು. 2010ರ ಸಮಾನತಾ ಕಾಯ್ದೆಯ 149ನೇ ಕಲಮಿನ ಪ್ರಕಾರ, ಅಂಗವಿಕಲರು, ಮಹಿಳೆಯರು ಮೊದಲಾದವರ ಮೇಲೆ ತನ್ನ ನಿರ್ಧಾರದಿಂದ ಆಗುವ ಪರಿಣಾಮವನ್ನು ಸಾರ್ವಜನಿಕ ಸಂಸ್ಥೆಯು ನಿರ್ಧರಿಸುವ ಮುನ್ನವೇ ಪರಿಗಣಿಸಬೇಕು. ಹೋರಾಟಗಾರರು ಆ ಪರಿಣಾಮದ ವರದಿ ಎಲ್ಲಿ ಎಂದು ಪದೇ ಪದೇ ಕೇಳಿದ್ದಕ್ಕೆ ಈ ಕಲಮೇ ಆಧಾರ.

ಹಳೆಯ ಗುಮಾಸ್ತ

ನಾನು ನಮ್ಮಲ್ಲಿನ ಉದ್ಯೋಗ ವಿನಿಮಯ ಕೇಂದ್ರವೊಂದರಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಓದುಗರಲ್ಲಿ ಒಂದು ಗೊಂದಲವಿರಬಹುದು, ಅದನ್ನು ಮೊದಲು ನಿವಾರಿಸುತ್ತೇನೆ. ನಮ್ಮ ಕೇಂದ್ರಗಳಲ್ಲಿ ಹೆಸರು ನೋಂದಾಯಿಸಿದವರು ಕಾಲಕಾಲಕ್ಕೆ ನವೀಕರಿಸಿಕೊಂಡು ಕರೆ ಬಂದಾಗ ಹೋದರೆ ಸಾಕಾಗುತ್ತಿತ್ತು. ಬಾರದಿದ್ದರೆ ಯಾರ ಊಟವೂ ನಿಲ್ಲುತ್ತಿರಲಿಲ್ಲ. ಅಲ್ಲಿ ಹಾಗಲ್ಲ. ಕಚೇರಿಗೆ ಹಾಜರಾಗುವುದೇ ಭತ್ಯೆಯ ಷರತ್ತು. ಆದ್ದರಿಂದ ನಮ್ಮಲ್ಲಿ ಒಂದು ಕೇಂದ್ರ ಮುಚ್ಚಿದ ಸುದ್ದಿಯ ತೂಕದಿಂದ ಅಲ್ಲಿನ ಸುದ್ದಿಯನ್ನು ಅಳೆಯಬಾರದು.

ಇನ್ನು ಚರಿತ್ರೆಯ ಒಂದು ಸೋಜಿಗ. ಈ ಕಚೇರಿಗಳ ಮೂಲ 1909ರ ಕಾರ್ಮಿಕ ವಿನಿಮಯ ಕಾಯ್ದೆ. ಆಗ ವ್ಯಾಪಾರ ಮಂಡಳಿಯ ಅಧ್ಯಕ್ಷರಾಗಿದ್ದ, ಅಂದರೆ ವಾಣಿಜ್ಯ ಸಚಿವರಾಗಿದ್ದ, ವಿನ್‌ಸ್ಟನ್ ಚರ್ಚಿಲ್ ಅದನ್ನು ತಂದರು. ವಿಲಿಯಂ ಬೆವರಿಜ್ ಅದರ ರೂಪುರೇಷೆ ಸಿದ್ಧಪಡಿಸಿ ಮೊದಲ ನಿರ್ದೇಶಕರಾದರು. 1910ರ ಫೆಬ್ರವರಿ 1ರಂದು ಬಾಗಿಲುಗಳು ತೆರೆದವು. ಅಂದು ಸಂದೇಹದಿಂದ ನೋಡಿದವರಲ್ಲಿ ಕಾರ್ಮಿಕ ಸಂಘಗಳೇ ಮುಂದಿದ್ದವು! ಮುಷ್ಕರ ನಡೆಯುತ್ತಿರುವ ಕಾರ್ಖಾನೆಗಳಿಗೆ ಬದಲಿ ಆಳುಗಳನ್ನು ಈ ಕಚೇರಿಗಳು ಒದಗಿಸಿಬಿಡುತ್ತವೆ ಎಂಬುದು ಅವರ ಭಯ. ಮುಷ್ಕರವಿರುವ ಕಡೆ ಅಥವಾ ಚಾಲ್ತಿಯಲ್ಲಿರುವ ಕೂಲಿಗಿಂತ ಕಡಿಮೆ ಕೊಡುವ ಕಡೆ ಕೆಲಸ ನಿರಾಕರಿಸಿದವನಿಗೆ ಯಾವ ತೊಂದರೆಯೂ ಆಗಕೂಡದೆಂಬ ರಕ್ಷಣೆಯನ್ನು ಸೇರಿಸಿ ಅವರನ್ನು ಒಪ್ಪಿಸಬೇಕಾಯಿತು. ತೆರೆಯುವುದಕ್ಕೆ ಅನುಮಾನಿಸಿದ ಚಳವಳಿಯೇ ಒಂದು ಶತಮಾನದ ನಂತರ ಮುಚ್ಚುವುದಕ್ಕೆ ಅಡ್ಡ ನಿಂತಿತು. ಎರಡು ಸಲವೂ ಅದು ಕೇಳಿದ ಪ್ರಶ್ನೆ ಒಂದೇ: ಈ ಕಚೇರಿ ಕೆಲಸ ಹುಡುಕುವವನ ಪಕ್ಷದಲ್ಲಿದೆಯೋ, ಇಲ್ಲವೋ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948ರ 88ನೇ ಒಪ್ಪಂದವು ಉದ್ಯೋಗ ಸೇವೆಯ ಸ್ಥಳೀಯ ಕಚೇರಿಗಳು ಸಾಕಷ್ಟು ಸಂಖ್ಯೆಯಲ್ಲಿರಬೇಕು, ಮಾಲೀಕರಿಗೂ ಕಾರ್ಮಿಕರಿಗೂ ಅನುಕೂಲವಾದ ಜಾಗದಲ್ಲಿರಬೇಕು ಎಂದು ಹೇಳುತ್ತದೆ. ಬ್ರಿಟನ್ ಅದನ್ನು 1949ರಲ್ಲಿ ಅನುಮೋದಿಸಿ, 1971ರಲ್ಲಿ ಅದರಿಂದ ಹೊರಬಂದಿತು. ಹೀಗಾಗಿ 2017ರಲ್ಲಿ ಪಿಸಿಎಸ್‌ಗೆ ತೋರಿಸಲು ಆ ದಾಖಲೆಯೂ ಇರಲಿಲ್ಲ.

ಲೆಕ್ಕಿಗ

ಹಿರಿಯರ ಮಾಹಿತಿಗೆ ಧನ್ಯವಾದಗಳು. ಆದರೂ ನನ್ನ ಮೂಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ದೂರದಿಂದ ಆಗುವ ತೊಂದರೆಗೆ ಪರಿಹಾರ ದಂಡನೆಯ ನಿಯಮವನ್ನು ಸಡಿಲಿಸುವುದು, ಅಥವಾ ಬಸ್ಸಿನ ಖರ್ಚು ಕೊಡುವುದು. ಅದಕ್ಕಾಗಿ ಅರೆಖಾಲಿ ಕಟ್ಟಡಗಳನ್ನೆಲ್ಲ ಇಟ್ಟುಕೊಳ್ಳಬೇಕೇ? ಗ್ರಂಥಾಲಯದಲ್ಲೋ ಸ್ಥಳೀಯ ಆಡಳಿತದ ಕಟ್ಟಡದಲ್ಲೋ ಎರಡು ಮೇಜು ಹಾಕಿ ಸಲಹೆಗಾರರನ್ನು ಕೂರಿಸಿದರೆ ಕೆಲಸ ನಡೆಯುತ್ತದೆ. ಯೋಜನೆಯಲ್ಲಿದ್ದ ಆ 50 ಸ್ಥಳಾಂತರಗಳ ಆಶಯವೂ ಅದೇ. ಸಂಘ ಅದನ್ನೂ ವಿಲೀನವನ್ನೂ ಒಂದೇ ಏಟಿಗೆ ವಿರೋಧಿಸಿದ್ದು ಜಾಣತನವೆಂದು ನನಗನ್ನಿಸುವುದಿಲ್ಲ.

ಹೊಂಬೆಳಕು

ನೀವು ಹೇಳಿದ ಮೇಜುಗಳ ಪರಿಹಾರವನ್ನು ನಾನು ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ: ಮೊದಲು ಮೇಜು ಹಾಕಿ, ಆಮೇಲೆ ಬಾಗಿಲು ಮುಚ್ಚಿ. ಅಲ್ಲಿ ಕಟ್ಟಡದ ಕರಾರು ಮುಗಿಯುವ ದಿನಾಂಕ ಮೊದಲೇ ನಿಗದಿಯಾಗಿತ್ತು. ಜನರ ಅಗತ್ಯದ ಅಧ್ಯಯನ ಆ ದಿನಾಂಕದ ಹಿಂದೆ ಓಡಬೇಕಾಯಿತು. ಬಾಡಿಗೆ ಕರಾರೊಂದು ಸಾಮಾಜಿಕ ನೀತಿಯ ವೇಳಾಪಟ್ಟಿಯನ್ನು ನಿರ್ಧರಿಸಿತು ಎಂಬುದೇ ನನ್ನ ಆಕ್ಷೇಪದ ತಿರುಳು.

ಖಾಲಿ ಕೋಣೆಗಳ ವಾದಕ್ಕೆ ಉತ್ತರ ಮೂರೇ ವರ್ಷದಲ್ಲಿ ಸಿಕ್ಕಿತು. ನಿರುದ್ಯೋಗ ಕಡಿಮೆಯಿರುವ ವರ್ಷದ ಅಳತೆಗೆ ಕಚೇರಿಗಳನ್ನು ಕತ್ತರಿಸಿದ ಮೇಲೆ 2020ರಲ್ಲಿ ಕೋವಿಡ್ ಬಂದಿತು. ಆ ವರ್ಷದ ಜುಲೈನಲ್ಲಿ ಸರ್ಕಾರ 13,500 ಹೆಚ್ಚುವರಿ ಸಲಹೆಗಾರರನ್ನು ನೇಮಿಸಿಕೊಳ್ಳುವುದಾಗಿ ಪ್ರಕಟಿಸಿತು. ಅವರನ್ನು ಕೂರಿಸಲು ಜಾಗ ಸಾಲದೆ, ಮುಂದಿನ ತಿಂಗಳುಗಳಲ್ಲಿ ಅದೇ ಇಲಾಖೆ ಸುಮಾರು 200 ತಾತ್ಕಾಲಿಕ ಜಾಬ್‌ಸೆಂಟರ್‌ಗಳಿಗಾಗಿ ಮತ್ತೆ ಬಾಡಿಗೆ ಕಟ್ಟಡ ಹುಡುಕಿಕೊಂಡು ಹೋಯಿತು. ಮಹಾಮಾರಿಯನ್ನು 2017ರಲ್ಲಿ ಊಹಿಸಲು ಯಾರಿಗೂ ಸಾಧ್ಯವಿರಲಿಲ್ಲ, ನಿಜ. ಆದರೆ ನಿರುದ್ಯೋಗ ಏರಿಳಿಯುತ್ತದೆ ಎಂಬುದನ್ನು ಊಹಿಸಲು ಮಹಾಮಾರಿ ಬೇಕಿರಲಿಲ್ಲ. ಮಳೆಯಿಲ್ಲದ ತಿಂಗಳಲ್ಲಿ ಕೊಡೆ ಮಾರಿ ಬಂದ ಹಣವನ್ನು ಉಳಿತಾಯವೆಂದು ಬರೆದುಕೊಂಡಂತೆ ಆಯಿತು ಇದು.

ನಿಷ್ಠುರ

ತಾತ್ಕಾಲಿಕ ಕಚೇರಿಗಳನ್ನೂ ಆಮೇಲೆ ಮುಚ್ಚಲಾಯಿತಲ್ಲವೇ? 2022ರ ಮಾರ್ಚಿನಲ್ಲಿ ಇಲಾಖೆ ಇನ್ನೊಂದು ಸುತ್ತಿನ ಮುಚ್ಚುವಿಕೆಯನ್ನು ಪ್ರಕಟಿಸಿದಾಗಲೂ ಪಿಸಿಎಸ್ ವಿರೋಧಿಸಿತು. ಆದರೆ ಆಗ ಮುಚ್ಚಿದ್ದು ಸಾರ್ವಜನಿಕರು ಕಾಲಿಡದ ಹಿಂಬದಿಯ ಆಡಳಿತ ಕಚೇರಿಗಳನ್ನು. ನಿರುದ್ಯೋಗಿಯ ಬಸ್ಸಿನ ವಾದ ಅಲ್ಲಿಗೆ ಅನ್ವಯಿಸುವುದಿಲ್ಲ. ಅದು ಶುದ್ಧವಾಗಿ ನೌಕರರ ಪ್ರಶ್ನೆ.

ಕರಿಕೋಟು

ನೌಕರರ ಪ್ರಶ್ನೆಯಾದರೆ ಅದರಲ್ಲಿ ಕೀಳೇನಿದೆ? ಇಂಥ ಕಚೇರಿಗಳು ಅನೇಕ ಸಲ ಬೇರೆ ಸ್ಥಿರ ಉದ್ಯೋಗ ಕಡಿಮೆಯಿರುವ ಊರುಗಳಲ್ಲಿರುತ್ತವೆ. ಉದ್ಯೋಗ ಕೊಡಿಸುವ ಇಲಾಖೆಯೇ ಆ ಊರಿನಿಂದ ನೂರಾರು ಉದ್ಯೋಗ ತೆಗೆದುಕೊಂಡು ಹೋದರೆ ಪ್ರಶ್ನಿಸುವುದು ಸಂಘದ ಕರ್ತವ್ಯ. ಎರಡು ಪ್ರಕರಣಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂಬ ನಿಮ್ಮ ಮಾತನ್ನು ಮಾತ್ರ ಒಪ್ಪುತ್ತೇನೆ.

ಅಲೆಮಾರಿ

ನಿಷ್ಠುರ ಅವರ ಮೊದಲ ಪ್ರಶ್ನೆಗೆ, ಕರಪತ್ರ ತೆಗೆದುಕೊಳ್ಳುವವನು ಏನೆಂದುಕೊಂಡಾನು ಎಂಬುದಕ್ಕೆ, ಆ ಬಾಗಿಲಲ್ಲಿ ನಿಂತವನಾಗಿ ಹೇಳುತ್ತೇನೆ. ಮೇಜಿನ ಆಚೆಯವರ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಆದರೆ ಅವರಲ್ಲಿ ಒಬ್ಬರಿಗೆ ನನ್ನ ಮುಖ ಪರಿಚಯವಿತ್ತು. ನಾನು ತಡವಾಗಿ ಬಂದ ದಿನ, ಈ ಮನುಷ್ಯ ಸಾಮಾನ್ಯವಾಗಿ ಸಮಯಕ್ಕೆ ಬರುತ್ತಾನೆ ಎಂಬುದು ಅವರಿಗೆ ಗೊತ್ತಿದ್ದರಿಂದ ದಂಡನೆಯ ಕಾಗದ ಹೋಗಲಿಲ್ಲ. ಮೂರು ಕಚೇರಿಗಳ ಜನರನ್ನು ಒಂದೇ ಕಚೇರಿಗೆ ತುಂಬಿದಾಗ ಮೊದಲು ಹೋಗುವುದು ಈ ಪರಿಚಯ. ಅದನ್ನು ನಿಯಮದಲ್ಲಿ ಬರೆದು ಕೊಡಲು ಬರುವುದಿಲ್ಲ, ಲೆಕ್ಕಿಗರು ಹೇಳುವ ಸಡಿಲಿಕೆಯಿಂದಲೂ ತರಲಾಗುವುದಿಲ್ಲ.

ಗ್ಲಾಸ್ಗೋ ವಿಷಯ ಬಂದದ್ದರಿಂದ ಒಂದು ಮಾತು. ಅಲ್ಲಿ ಸಂಘದ ಜೊತೆಗೆ ಸಂಸತ್ ಸದಸ್ಯರು, ನಗರಸಭೆ, ಸಲಹಾ ಕೇಂದ್ರಗಳು ಎಲ್ಲರೂ ದನಿಗೂಡಿಸಿದ ಮೇಲೆ, 2017ರ ಜುಲೈನಲ್ಲಿ ಬಂದ ಅಂತಿಮ ಪಟ್ಟಿಯಲ್ಲಿ ಎಂಟರ ಪೈಕಿ ಎರಡು ಕಚೇರಿಗಳು ಉಳಿದುಕೊಂಡವು. ಹಾಗೆ ಮುಚ್ಚದೆ ಉಳಿದುಕೊಂಡ ಎರಡರಲ್ಲಿ ಕ್ಯಾಸಲ್‌ಮಿಲ್ಕ್ ಒಂದು. ಅದು ನಗರದ ದಕ್ಷಿಣದ ಅಂಚಿನಲ್ಲಿರುವ, ರೈಲು ನಿಲ್ದಾಣವಿಲ್ಲದ ದೊಡ್ಡ ಬಡಾವಣೆ. ಎಂಟರಲ್ಲಿ ಎರಡು ಗೆಲುವೋ ಸೋಲೋ ಎಂದು ಸಂಘದವರು ವಾದಿಸಿಕೊಳ್ಳಲಿ. ಅಲ್ಲಿ ಸಹಿ ಹಾಕಬೇಕಾದವರು ಮುಂದೆಯೂ ನಡೆದುಕೊಂಡೇ ಹೋಗಿ ಸಹಿ ಹಾಕಿದರು.